ಚೀಟಿ ಮೊದಲು, ಚಹಾ ಆಮೇಲೆ: ಹೊಸ ಆಲ್ಬಮ್ ಕೇಳುವ ನಮ್ಮ ಪದ್ಧತಿ

ಹೊಸ ಆಲ್ಬಮ್ ಬಂದಾಗ ಹದಿನಾಲ್ಕು ಮಂದಿಯನ್ನು ಒಂದು ಕೋಣೆಯಲ್ಲಿ ಕೂಡಿಸಿದರೆ ಹದಿನಾಲ್ಕು ಅಭಿಪ್ರಾಯ ಬರುತ್ತವೆ ಎಂದುಕೊಂಡಿದ್ದೆ. ಬಂದದ್ದು ಒಂದೂವರೆ. ದೊಡ್ಡ ದನಿಯವರೊಬ್ಬರು "ಮೊದಲಿನಂಗ ಇಲ್ಲ ಬಿಡ್ರಿ" ಅಂದರೆ ಹನ್ನೆರಡು ತಲೆ ಹೌದೆನ್ನುತ್ತವೆ. ಮೂಲೆಯಲ್ಲಿ ಕೂತ ಹುಡುಗ ಅರ್ಧ ಬಾಯಿ ತೆರೆದು ಮುಚ್ಚುತ್ತಾನೆ. ಕಲಬುರಗಿಯಲ್ಲಿ ಎರಡೂವರೆ ವರ್ಷದಿಂದ ನಡೆಯುತ್ತಿರುವ, ಆಲ್ಬಮ್ ಕೇಳುವ ನಮ್ಮ ಕೂಟದಲ್ಲಿ ಈ ಚಾಳಿ ಬಿಡಿಸಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಈಗ ಮಾತಿಗೆ ಮೊದಲು ಪ್ರತಿಯೊಬ್ಬರೂ ತಮಗನಿಸಿದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. "ಹಾಡ ಕೇಳ್ಲಾಕ ಇಷ್ಟ್ಯಾಕ್ರೀ ತಯಾರಿ, ಮದುವಿ ಅದ ಏನು?" ಅಂದವರೇ ಈಗ ಮುಂದಿನ ಕೂಟ ಯಾವ ಭಾನುವಾರ ಎಂದು ಮೊದಲು ವಿಚಾರಿಸುತ್ತಾರೆ. ಆಂಪ್, ಕೇಬಲ್, ಸೌಂಡ್ ಕಾರ್ಡ್ ಬಗ್ಗೆ ಗೊತ್ತಿದ್ದವರಿಗಾಗಿ ಬರೆದದ್ದು ಇದು, ಹಾಗಾಗಿ ಪಾಠ ಹೇಳುವುದಿಲ್ಲ.

ಮೊದಲು ಕೋಣೆ. ಅಂದಾಜು 12×15 ಅಡಿ, ಮೇಲೆ ಸ್ಲ್ಯಾಬ್, ಕೆಳಗೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಶಹಾಬಾದ್ ಫರಸಿ. ಬೇಸಿಗೆಯಲ್ಲಿ ಕಾಲಿಗೆ ತಂಪು, ಕಿವಿಗೆ ಶತ್ರು. ನಡುವೆ ನಿಂತು ಒಂದು ಚಪ್ಪಾಳೆ ಹೊಡೆದರೆ "ಟರ್‍ರ್" ಎಂದು ನಾಲ್ಕಾರು ಸಲ ಮರುದನಿ. ಅಂಥ ಕೋಣೆಯಲ್ಲಿ ವಚನದ ಒತ್ತಕ್ಷರ ಒಂದೂ ಸ್ಪಷ್ಟ ಬರುವುದಿಲ್ಲ. ಗಾಯಕರ ಉಚ್ಚಾರ ಸರಿಯಿಲ್ಲ ಎಂದು ಮೊದಲ ಮೂರು ಕೂಟಗಳಲ್ಲಿ ಬರೆದುಕೊಟ್ಟವರದು ತಪ್ಪಲ್ಲ. ತಪ್ಪು ಫರಸಿಯದು. ಮೊದಲು ಮೊಟ್ಟೆ ಟ್ರೇ ಅಂಟಿಸಿದೆವು. ದಯವಿಟ್ಟು ಯಾರೂ ಅಂಟಿಸಬೇಡಿ, 600 ರೂಪಾಯಿ ಮತ್ತು ಗೋಡೆಯ ಬಣ್ಣ ಎರಡೂ ಹೋಗುತ್ತವೆ. ಕೆಲಸ ಮಾಡಿದ್ದು ನೆಲಕ್ಕೆ ದಪ್ಪ ಜಮಖಾನ, ಎರಡು ಪಕ್ಕದ ಗೋಡೆಗೆ ಹಳೆ ಕೌದಿ. ಕೌದಿಯನ್ನು ಗೋಡೆಗೆ ಒತ್ತಿ ಹೊಡೆಯಬಾರದು, ನಾಲ್ಕು ಬೆರಳು ಜಾಗ ಬಿಟ್ಟು ಹಗ್ಗದ ಮೇಲೆ ಇಳಿಬಿಡಬೇಕು. ಆ ಸಂದಿಯಿಂದಾಗಿ ಸ್ವಲ್ಪ ಕೆಳಸ್ಥಾಯಿಯ ದನಿಯೂ ಹಿಡಿಯುತ್ತದೆ. ಏಳು ಕೌದಿ ಹಾಕಿದ ಮೇಲೆ ಚಪ್ಪಾಳೆ "ಟಪ್" ಎಂದು ಅಲ್ಲೇ ಸತ್ತಿತು.

ಆದರೆ ತೀರಾ ಕೆಳಸ್ಥಾಯಿಯ ಗುಂ ದನಿಯನ್ನು, ಅಂದರೆ ಬೇಸ್ ಅನ್ನು, ಕೌದಿ ಹಿಡಿಯುವುದಿಲ್ಲ. ಇದು ಗೊತ್ತಾದದ್ದು ಚೀಟಿಯ ಮೇಲೆ ಕೂರುವ ಜಾಗದ ನಂಬರ್ ಬರೆಸಲು ಶುರುಮಾಡಿದ ಮೇಲೆ. ಆಲ್ಬಮ್ ಯಾವುದೇ ಇರಲಿ, ವಚನವೋ ಸಿನಿಮಾವೋ ಕವ್ವಾಲಿಯೋ, 5 ಮತ್ತು 10ನೇ ನಂಬರಿನ ಚೀಟಿಯಲ್ಲಿ "ಬೇಸ್ ಭಾಳ ಆಗ್ಯಾದ" ಎಂದೇ ಇರುತ್ತಿತ್ತು. ಕೂತವರು ಪ್ರತಿ ಸಲ ಬೇರೆ, ಮಾತು ಅದೇ. ಎರಡೂ ಹಿಂದಿನ ಮೂಲೆಗಳು. ಎರಡು ಗೋಡೆ ಕೂಡುವಲ್ಲಿ ಬೇಸ್ ಗುಡ್ಡೆ ಬೀಳುತ್ತದೆ, ಅಲ್ಲಿ ಕೂತವನಿಗೆ ಡಗ್ಗಾ ಕಿವಿಯೊಳಗೇ ಬಾರಿಸಿದಂತೆ. ಆರು ತಿಂಗಳ ಚೀಟಿಗಳಲ್ಲಿ ಆ ಎರಡು ಜಾಗದವನ್ನು ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿದಾಗ ಮೂರ್ನಾಲ್ಕು ಆಲ್ಬಮ್‌ಗಳ ತೀರ್ಪೇ ಬೇರೆಯಾಯಿತು. ಕೂಟ ನಡೆಸುವವರು ಬೇರೇನೂ ಮಾಡದಿದ್ದರೂ ಜಾಗದ ನಂಬರ್ ಒಂದು ಬರೆಸಿ.

ಮೂಲೆಗೆ ಮೊದಲು ತೊಗರಿ ಚೀಲ ನಿಲ್ಲಿಸಿ ನೋಡಿದೆವು, ಮನೆಯಲ್ಲೇ ಇದ್ದವು. ಕಿವಿಗೆ ವ್ಯತ್ಯಾಸ ಕಾಣಲಿಲ್ಲ, ಇಲಿ ಬಂದವು. ಆಮೇಲೆ ಹಳೆ ಹತ್ತಿ ಗಾದಿಗಳನ್ನು ಬಿಗಿಯಿಲ್ಲದೆ ಸುರುಳಿ ಸುತ್ತಿ, ಒಂದೂವರೆ ಅಡಿ ದಪ್ಪ ಬರುವಂತೆ ಕಟ್ಟಿ, ನೆಲದಿಂದ ಮೇಲಕ್ಕೆ ಒಂದರ ಮೇಲೊಂದು ನಿಲ್ಲಿಸಿದ್ದೇವೆ. ಪೂರ್ತಿ ಹೋಗಿಲ್ಲ, ಆದರೆ "ಭಾಳ" ಎನ್ನುವುದು "ಸ್ವಲ್ಪ" ಆಗಿದೆ. ಬಿಗಿಯಾಗಿ ಕಟ್ಟಿದರೆ ಗಾಳಿ ಒಳಗೆ ಹೋಗುವುದಿಲ್ಲ, ಗಾದಿಯೂ ಗೋಡೆಯಂತೆಯೇ ಆಗುತ್ತದೆ.

ಸ್ಪೀಕರ್ ವಿಷಯದಲ್ಲಿ ನಾವು ಮಾಡಿದ ದೊಡ್ಡ ತಪ್ಪು 4,500ರ ಹೋಮ್ ಥಿಯೇಟರ್. ಸಿನಿಮಾ ಹಾಡಿಗೆ ಎಲ್ಲರೂ ಖುಷಿ, ತಂಬೂರಿ ಬಂದ ಕೂಡಲೇ ಬಣ್ಣ ಬಯಲು. 1,500ಕ್ಕೆ ಕೊಟ್ಟು, ಹೈದರಾಬಾದಿನಿಂದ 5 ಇಂಚಿನ ಸೆಕೆಂಡ್ ಹ್ಯಾಂಡ್ ಸ್ಟುಡಿಯೋ ಮಾನಿಟರ್ (ಬಣ್ಣ ಹಚ್ಚದೆ ಇದ್ದದ್ದನ್ನು ಇದ್ದಂತೆ ಕೇಳಿಸುವ ಸ್ಪೀಕರ್) ಜೋಡಿ ತರಿಸಿದೆವು, 11,000. ನಾವು ಕೂರುವುದು ನೆಲದ ಮೇಲೆ, ಹಾಗಾಗಿ ಕಿವಿಯ ಎತ್ತರ ಸುಮಾರು ಎರಡೂವರೆ ಅಡಿ. ಮೇಜಿನ ಮೇಲೆ ಇಟ್ಟರೆ ದನಿ ತಲೆಯ ಮೇಲಿಂದ ಹೋಗುತ್ತದೆ. ಎರಡಡಿಯ ಗಟ್ಟಿ ಸ್ಟೂಲ್, ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದೆ, ಮುಖ ಸ್ವಲ್ಪ ಒಳಕ್ಕೆ. ಎರಡು ಸಾಲು. ಮೊದಲ ಸಲ ಮುಂದೆ ಕೂತವರು ಎರಡನೇ ಸಲ ಹಿಂದೆ.

ಈಗ ಎಲ್ಲರೂ ನಕ್ಕ ವಿಷಯ: ದನಿಯ ಮಟ್ಟ. ಸಿನಿಮಾ ಆಲ್ಬಮ್‌ಗಳು ಸಾಮಾನ್ಯವಾಗಿ -8, -9 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಎನ್ನುವುದರ ಅಳತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಜೋರು) ಸುತ್ತ ಬರುತ್ತವೆ. ಜೇವರ್ಗಿ, ಸುರಪುರ ಕಡೆಯ ಸಣ್ಣ ಸ್ಟುಡಿಯೋಗಳ ತತ್ವಪದ, ಭಜನೆ ಆಲ್ಬಮ್ ನಾನು ಅಳೆದವು -16ರಿಂದ -18. ಯೂಟ್ಯೂಬ್ ಸಾಮಾನ್ಯವಾಗಿ ಜೋರಿದ್ದದ್ದನ್ನು ಇಳಿಸುತ್ತದೆ, ಮೆತ್ತಗಿದ್ದದ್ದನ್ನು ಏರಿಸುವುದಿಲ್ಲ. ನಮ್ಮ ಕಡೆಯ ತತ್ವಪದಗಳು ಹೆಚ್ಚಾಗಿ ಅಲ್ಲೇ ಬರುವುದರಿಂದ ಸಿನಿಮಾ ಹಾಡಿನ ಪಕ್ಕದಲ್ಲಿ ಯಾವಾಗಲೂ ಬಡವರ ಮಕ್ಕಳಂತೆ ಕೇಳುತ್ತವೆ. ಒಂದೆರಡು ಡೆಸಿಬೆಲ್ ಹೆಚ್ಚಾದರೆ ಕಿವಿಗೆ "ಜೋರು" ಎಂದು ತಿಳಿಯುವುದಿಲ್ಲ, "ಛಲೋ" ಎಂದು ತಿಳಿಯುತ್ತದೆ. ಮೋಸ ಆಗುವುದು ಅಲ್ಲಿ.

ನಾನು ಮಾಡುವುದು ಇಷ್ಟು. ಆ್ಯಪ್‌ನ ನಾರ್ಮಲೈಸೇಶನ್ (ಹಾಡುಗಳ ಜೋರನ್ನು ತಾನೇ ಸಮ ಮಾಡುವ ಸೌಲಭ್ಯ) ಆಫ್. ಆ ದಿನ ಕೇಳುವ ಎಲ್ಲವನ್ನೂ ಹಿಂದಿನ ರಾತ್ರಿ ಲೌಡ್‌ನೆಸ್ ಮೀಟರಿನಲ್ಲಿ ಪೂರ್ತಿ ಓಡಿಸಿ, ಆಲ್ಬಮಿನ ಒಟ್ಟು ಅಂಕಿ ಬರೆದುಕೊಂಡು, ಎಲ್ಲವನ್ನೂ -18ಕ್ಕೆ ಇಳಿಸುವುದು. ಏರಿಸುವುದಿಲ್ಲ, ಏರಿಸಿದರೆ ತುದಿ ಕತ್ತರಿಸಿ ಕರಕರ ಬರುತ್ತದೆ. ಹಾಡು ಹಾಡಿಗೆ ಬೇರೆ ಇಳಿಸಬಾರದು. ಆಲ್ಬಮಿನೊಳಗೆ ಒಂದು ಹಾಡು ಮೆತ್ತಗೆ ಇದ್ದರೆ ಅದು ಮಾಡಿದವರ ಇಷ್ಟ. ನಂತರ ಆಂಪ್ ಏರಿಸಿ, ನಡುವಿನ ಜಾಗದಲ್ಲಿ ಫೋನಿನ ಮೀಟರ್ 75 ಡೆಸಿಬೆಲ್ ಆಸುಪಾಸು ತೋರಿಸಿದಲ್ಲಿ ನಾಬ್‌ಗೆ ಟೇಪ್. ಫೋನಿನ ಮೀಟರ್ ಸುಳ್ಳು ಹೇಳಬಹುದು, ಆದರೆ ಎಲ್ಲ ಆಲ್ಬಮಿಗೂ ಒಂದೇ ಸುಳ್ಳು ಹೇಳಿದರೆ ಸಾಕು. ಸ್ಟ್ರೀಮಿಂಗ್ "ಆಟೋ" ಇಟ್ಟು ಎರಡು ಕೂಟ ಹಾಳು ಮಾಡಿಕೊಂಡೆವು. ಸಂಜೆ ನೆಟ್‌ವರ್ಕ್ ಬಿದ್ದಂತೆ ಗುಣಮಟ್ಟವೂ ಬೀಳುತ್ತದೆ. ಸ್ಪಾಟಿಫೈನ ನಾರ್ಮಲ್ 96, ವೆರಿ ಹೈ 320 ಕೆಬಿಪಿಎಸ್ (ಸೆಕೆಂಡಿಗೆ ಬರುವ ಡೇಟಾದ ಅಳತೆ, ಹೆಚ್ಚಿದ್ದಷ್ಟೂ ದನಿ ಚೊಕ್ಕ). ಡೌನ್‌ಲೋಡ್ ಮಾಡಿಟ್ಟು ತಂತಿಯಲ್ಲೇ ಬಾರಿಸಿ, ಬ್ಲೂಟೂತ್ ಬೇಡ.

ಕರೆಂಟ್ ಹೋದಾಗ ಬರುವ ಗುಂಯ್ ಸದ್ದಿಗೆ ಕೇಬಲ್ ಕಾರಣ ಎಂದು 900 ಖರ್ಚು ಮಾಡಿದೆವು. ಕಾರಣ ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಕರೆಂಟಿನ ಅಲೆ ಚೌಕ, ಮನೆಯ ಕರೆಂಟಿನಂತೆ ನಯವಾದದ್ದಲ್ಲ. ಸೈನ್ ವೇವ್ ತಂದ ಮೇಲೆ ನಿಂತಿತು, ಹಳೆಯದನ್ನು ಬದಲಿಗೆ ಕೊಟ್ಟು 6,500. ಉಳಿದ ಸಣ್ಣ ಹಮ್ ಲ್ಯಾಪ್‌ಟಾಪ್ ಚಾರ್ಜರಿನದು, ಬ್ಯಾಟರಿಯಲ್ಲಿ ಓಡಿಸಿದರೆ ಇಲ್ಲ.

ಏಪ್ರಿಲ್, ಮೇ ಬಂದರೆ ನಮ್ಮೂರಲ್ಲಿ 42 ಡಿಗ್ರಿ ದಾಟುತ್ತದೆ. ಕೂಲರ್ ಹಾಕಿದರೆ ಆಲಾಪ ಇಲ್ಲ, ಫ್ಯಾನ್ ನಾಲ್ಕರಲ್ಲಿ ಇಟ್ಟರೆ ತಂಬೂರಿ ಇಲ್ಲ. ಮಾಳಿಗೆಯ ಮೇಲೆ ರಾತ್ರಿ ಮಾಡಿ ನೋಡಿದೆವು: ಗೋಡೆಗಳಿಲ್ಲದ್ದಕ್ಕೆ ಮಾತು ಸ್ವಚ್ಛ, ಬೇಸ್ ಪೂರ್ತಿ ಮಾಯ, ಎಲ್ಲ ಆಲ್ಬಮೂ ತೆಳು. ಈಗ ಬೇಸಿಗೆಯ ಕೂಟ ಬೆಳಗಿನ ಐದೂವರೆಗೆ, ಫ್ಯಾನ್ ಒಂದರಲ್ಲಿ. ಬರುವವರು ಒಂಬತ್ತೋ ಹತ್ತೋ, ಆದರೆ ಚೀಟಿಗಳು ವರ್ಷದಲ್ಲೇ ಚೊಕ್ಕ.

ಒಂದು ಕೂಟಕ್ಕೆ 45 ನಿಮಿಷ. ಸಿ-90 ಕ್ಯಾಸೆಟ್ಟಿನ ಒಂದು ಬದಿಯಷ್ಟು. ಅದಕ್ಕಿಂತ ಹೆಚ್ಚು ಕೇಳಿಸಿದರೆ ಕೊನೆಯ ಹಾಡುಗಳ ಚೀಟಿಯಲ್ಲಿ ಬರೀ "ಪರವಾಗಿಲ್ಲ". ಐದು ಹಾಡಿನ ಸಿನಿಮಾ ಆಲ್ಬಮ್ ಇಷ್ಟರಲ್ಲಿ ಎರಡು ಸಲ ಆಗುತ್ತದೆ, ಎಂಟು ವಚನಗಳದ್ದು ಒಂದೇ ಸಲ.

ಇನ್ನು ಚೀಟಿ, ಎ4 ಹಾಳೆಯ ಮೂರನೇ ಒಂದು ಭಾಗ. ಮೊದಲು ಹತ್ತಕ್ಕೆ ಅಂಕ ಕೊಡಿಸುತ್ತಿದ್ದೆವು. ಎಲ್ಲರದೂ 7. ಬೇಸರ ಆಗಿದ್ದರೂ 7, ಕಣ್ಣಲ್ಲಿ ನೀರು ಬಂದಿದ್ದರೂ 8. ಪರೀಕ್ಷೆಗೆಂದು ಒಂದೇ ಹಾಡನ್ನು ಎರಡು ವಾರ ಬಿಟ್ಟು ಮತ್ತೆ ಹಾಕಿ ಅಂಕ ಕೇಳಿದೆ: ಐದಾರು ಮಂದಿ ಎರಡು ಅಂಕ ಆಚೀಚೆ. ಅಂಕ ಬಿಟ್ಟೆವು. ಈಗ ಪ್ರತಿ ಹಾಡಿಗೆ ಮೂರೇ ಪ್ರಶ್ನೆ. ಮನಸ್ಸು ಎಲ್ಲಿ ಬೇರೆ ಕಡೆ ಹೋಯಿತು? ಹಾಡು ಮುಗಿದ ಮೇಲೆ ಬಾಯಲ್ಲಿ ಉಳಿದ ಸಾಲು ಅಥವಾ ಧಾಟಿ ಯಾವುದು? ನಾಳೆ ನೀವಾಗಿ ಹಾಕಿಕೊಂಡು ಕೇಳುತ್ತೀರಾ, ಹೌದು ಅಥವಾ ಇಲ್ಲ?

"ಎಲ್ಲಿ" ಎನ್ನುವುದಕ್ಕೆ ನಿಮಿಷ ಬೇಕು. ಫೋನಿನ ಸ್ಟಾಪ್‌ವಾಚ್ ಎದುರಿಗೆ ಇಟ್ಟರೆ ಎಲ್ಲರೂ ಅದನ್ನೇ ನೋಡುತ್ತ ಕೂರುತ್ತಾರೆ. ಹಳೆ ಟೇಬಲ್ ಕ್ಯಾಲೆಂಡರಿನ ಹಿಂಬದಿಗೆ ದಪ್ಪ ಅಕ್ಷರದಲ್ಲಿ 1, 2, 3 ಬರೆದು ಅರ್ಧ ನಿಮಿಷಕ್ಕೊಂದು ಹಾಳೆ ಮಗುಚುತ್ತೇನೆ. ಕೇಳುವವರು ಮನಸ್ಸು ಜಾರಿದಾಗ ಕಣ್ಣೆತ್ತಿ ಆ ನಂಬರ್ ಗೀಚಿದರೆ ಸಾಕು. ಪೆನ್ಸಿಲ್ ಕೊಡಿ, ಟಕ್ ಎನ್ನುವ ಪೆನ್ನು ಕೊಡಬೇಡಿ.

ಇದರ ಫಲ ಒಂದನ್ನು ಹೇಳುತ್ತೇನೆ. ಒಂದು ತತ್ವಪದ ಆಲ್ಬಮ್, ಮೂರನೇ ಪದ. ಏಕತಾರಿ, ದಮ್ಮಡಿ, ತಾಳ, ಒಂದು ಗಟ್ಟಿ ಕಂಠ. ಎಂಟು ಚೀಟಿಯಲ್ಲಿ 4 ಅಥವಾ 5, ಅಂದರೆ ಒಂದೂವರೆಯಿಂದ ಎರಡೂವರೆ ನಿಮಿಷದೊಳಗೆ. ಕಾರಣ ಯಾರೂ ಬರೆದಿರಲಿಲ್ಲ. ಬಾಯಲ್ಲಿ ಉಳಿದ ಸಾಲು ಕೇಳಿದರೆ ಎಲ್ಲರದೂ ಮೊದಲ ನುಡಿಯದು, ಎರಡನೇ ನುಡಿ ಒಬ್ಬರಿಗೂ ನೆನಪಿಲ್ಲ. ಮತ್ತೆ ಹಾಕಿ ಕೇಳಿದಾಗ ಸಿಕ್ಕಿತು: ಎರಡನೇ ನುಡಿಗೆ ಕೀಬೋರ್ಡಿನ ಸ್ಟ್ರಿಂಗ್ಸ್ ಉದ್ದಕ್ಕೆ ಎಳೆದಿದ್ದರು. ವ್ಯಂಜನಗಳ ಚೂಪು ಇರುವುದು 2 ಕಿಲೋಹರ್ಟ್ಜ್ ಮತ್ತು ಅದರ ಮೇಲೆ. ಸ್ಟ್ರಿಂಗ್ಸ್ ಅಲ್ಲೇ ಚಾಪೆ ಹಾಸಿ ಕೂತಿತ್ತು, ಏಕತಾರಿಯ ಮೀಟೂ ಅದರಡಿ ಮುಚ್ಚಿಹೋಗಿತ್ತು. ಮಾಡಿದವರಿಗೆ ಚೀಟಿಗಳ ಫೋಟೋ ಕಳಿಸಿದೆ. ಅವರು ಸ್ಟ್ರಿಂಗ್ಸನ್ನು ಆ ಜಾಗದಲ್ಲಿ ನಾಲ್ಕು ಡೆಸಿಬೆಲ್ ಇಳಿಸಿ ಮತ್ತೆ ಕಳಿಸಿದರು. ಹೊಸದನ್ನು ಕೇಳಿಸಿದಾಗ ಆ ಜಾಗದಲ್ಲಿ ಗೀಚಿದ ಚೀಟಿ ಎರಡೇ. ಈಗ ಇಬ್ಬರು ರೆಕಾರ್ಡಿಂಗ್‌ನವರು ಬಿಡುಗಡೆಗೆ ಮೊದಲೇ ಕಳಿಸುತ್ತಾರೆ. ಇಷ್ಟು ಜಂಬ ಇರಲಿ.

ಚೀಟಿ ತೆಗೆದುಕೊಂಡ ಮೇಲೆಯೇ ಚಹಾ, ಮಿರ್ಚಿ. ಮೊದಲು ಕೊಟ್ಟು ನೋಡಿದ್ದೇವೆ: ಎಣ್ಣೆ ಕಲೆ, ಕರುಂಕುರುಂ ಸದ್ದು, ಮತ್ತು ಹೊಟ್ಟೆ ತುಂಬಿದವರು ಎಲ್ಲದಕ್ಕೂ "ಹೌದು". ಮಾತಿನ ಸರದಿಯಲ್ಲಿ ಯಾರೂ ತಮ್ಮ ಚೀಟಿ ಓದುವುದಿಲ್ಲ. ಕಲಸಿ ಹಂಚುತ್ತೇನೆ, ಕೈಗೆ ಬಂದ ಚೀಟಿ ಓದಿ, ಅದನ್ನು ಬರೆದವರ ಪರವಾಗಿ ಒಂದು ನಿಮಿಷ ವಾದಿಸಬೇಕು. ಕೂಟದ ಹಿರಿಯ ಕಾಕಾ ಒಬ್ಬರ ಕೈಗೆ ಮೂಲೆಯ ಹುಡುಗನ ಚೀಟಿ ಬಂದಾಗ "ಇದು ನನ್ನ ಮಾತಲ್ಲ, ಆದ್ರ ಖರೇ ಅದ" ಎಂದು ಒಪ್ಪಿಕೊಂಡದ್ದು ಈ ಪದ್ಧತಿಯಿಂದ.

ಹೆಸರು ಮುಚ್ಚಿ ಕೇಳಿಸುವ ಪ್ರಯೋಗ ಮಾತ್ರ ಸೋತಿತು. ಅಭಿಮಾನಿಗಳು ಮೂರು ಸೆಕೆಂಡಿನಲ್ಲಿ ಗಾಯಕರ ದನಿ ಹಿಡಿಯುತ್ತಾರೆ. ಸಂಗೀತ ಸಂಯೋಜಕರು, ಸಾಹಿತ್ಯ ಬರೆದವರ ಹೆಸರು ಮುಚ್ಚಿಡುವುದು ಈಗಲೂ ನಡೆಯುತ್ತದೆ, ಅದರಿಂದ ಲಾಭವಿದೆ. ಸಿನಿಮಾ ಹಾಡುಗಳು ಒಂದೊಂದಾಗಿ ಲಿರಿಕಲ್ ವಿಡಿಯೋ ಆಗಿ ಮೊದಲೇ ಬಂದಿರುತ್ತವೆ. ಕೇಳಿದ್ದವರು ಚೀಟಿಯ ಮೂಲೆ ಮಡಚಬೇಕು. ಮಡಚಿದ್ದು ಬೇರೆ ಕಟ್ಟು, ಮಡಚದ್ದು ಬೇರೆ. ದರ್ಗಾ ಕಡೆಯಿಂದ ಬರುವ ಕವ್ವಾಲಿ ಕೇಳುಗರು ಮತ್ತು ವಚನದವರನ್ನು ಒಂದೇ ದಿನ ಕೂಡಿಸಬೇಡಿ. ಅವರು ಗಿರಹ್ (ಹಾಡಿನ ನಡುವೆ ಬೇರೆ ಕಡೆಯಿಂದ ತಂದು ಸೇರಿಸುವ ಸಾಲು) ಎಷ್ಟು ಚೆನ್ನಾಗಿ ಕೂತಿತು ಎಂದು ನೋಡುತ್ತಾರೆ, ಇವರು ಒಂದು ಶಬ್ದ ಎರಡು ಸಲ ಬಂದರೆ ಮುಖ ಸಿಂಡರಿಸುತ್ತಾರೆ.

ಹದಿನೈದು ದಿನದ ನಂತರ, ಮತ್ತೆ ಕೇಳಿಸುವ ಮೊದಲು, ಎರಡನೇ ಚೀಟಿ: ಯಾವ ಹಾಡು ನೆನಪಿದೆ? ಮೊದಲ ದಿನ "ನಾಳೆ ಕೇಳುತ್ತೇನೆ" ಎಂದು ಹನ್ನೊಂದು ಹೌದು ಪಡೆದ ಹಾಡು ಹದಿನೈದು ದಿನಕ್ಕೆ ಮೂವರ ಬಾಯಲ್ಲಿ ಉಳಿದದ್ದುಂಟು. ಕೂಟದ ತೀರ್ಪು ಎಂದು ನಾವು ಬೇರೆಯವರಿಗೆ ಹೇಳುವುದು ಎರಡನೇ ಚೀಟಿಯದನ್ನೇ. ಕೂಟದ ಆರಂಭದಲ್ಲಿ ಕಿವಿ ತೊಳೆಯಲು ಹಾಕುವ ಒಂದು ಹಾಡಿದೆ, ಎರಡೂವರೆ ವರ್ಷದಿಂದ ಅದೇ. ಯಾವುದು, ಯಾಕೆ ಅದೇ ಎನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ. ನಮ್ಮವರೂ ಇದನ್ನು ಓದುತ್ತಾರೆ.

ನಡುವೆ ಮಾಡಿದ ಕೆಲವು ಆಟಗಳು. 320ರ ಎಂಪಿ3 ಮತ್ತು ಸಿಡಿ ಪಕ್ಕಪಕ್ಕ ಹಾಕಿದರೆ ಯಾರಿಗೂ ಗುರುತು ಸಿಗಲಿಲ್ಲ. 128ಕ್ಕೆ ಇಳಿಸಿದಾಗ ಭಜನೆಯಲ್ಲಿ ಪಳಗಿದ ಇಬ್ಬರು ತಾಳದಿಂದ ಹಿಡಿದರು: "ಛಣ್" ಎನ್ನುವುದು "ಛಸ್" ಎನ್ನುತ್ತದೆ ಅಂದರು, ಸರಿಯಾಗಿತ್ತು. ಟಂಟಂ ಆಟೋದಲ್ಲಿ ಕೂತು ಸೂಪರ್ ಮಾರ್ಕೆಟ್‌ನಿಂದ ರೈಲ್ವೆ ಸ್ಟೇಷನ್‌ವರೆಗೆ ಒಂದು ಆಲ್ಬಮ್ ಕೇಳಿದೆವು. ಉಳಿದದ್ದು ದನಿ ಮತ್ತು ಚಪ್ಪಾಳೆ ಮಾತ್ರ, ಆದರೆ ಸಿನಿಮಾ ಹಾಡಿನ ಹುಕ್ (ಬಾಯಲ್ಲಿ ಕೂರುವ ಸಣ್ಣ ಧಾಟಿ) ಅಲ್ಲಿಯೂ ಸಾಯಲಿಲ್ಲ. ಸಿನಿಮಾ ಹಾಡು ಮಾಡುವವರು ಎಂಥ ಜಾಗದಲ್ಲಿ ಕೇಳುವವರಿಗಾಗಿ ಮಿಕ್ಸ್ ಮಾಡುತ್ತಾರೆ ಎನ್ನುವುದು ಅವತ್ತು ತಿಳಿಯಿತು.

ಒಟ್ಟು ಖರ್ಚು ನೆನಪಿನ ಮೇಲೆ: ಸ್ಪೀಕರ್, ಇನ್ವರ್ಟರ್, 2,500ರ ಸೌಂಡ್ ಕಾರ್ಡ್, ಜಮಖಾನ ಕೌದಿ ಸೇರಿ 1,800, ಮೇಲೆ ಹೇಳಿದ ದಂಡಗಳು, ಎಲ್ಲ ಸೇರಿ 28,000 ಹತ್ತಿರ. ಅದರಲ್ಲಿ 6,000 ನೀರಿಗೆ, ಹೋಮ್ ಥಿಯೇಟರಿನ 1,500 ವಾಪಸು. ಒಂದು ಕೂಟಕ್ಕೆ ಚಹಾ, ಮಿರ್ಚಿ, ಜೆರಾಕ್ಸ್ 300. ತಲಾ 30 ಹಾಕುತ್ತಾರೆ, ಉಳಿದದ್ದು ಡಬ್ಬಿಗೆ, ಡಬ್ಬಿ ತುಂಬಿದಾಗ ನಮ್ಮ ಕಡೆಯವರ ಆಲ್ಬಮ್ ದುಡ್ಡು ಕೊಟ್ಟು ಕೊಳ್ಳುವುದು. ಸದ್ಯ ಡಬ್ಬಿಯಲ್ಲಿ 700 ಇದೆ, ಮತ್ತು 10ನೇ ನಂಬರಿನ ಮೂಲೆಗೆ ಇನ್ನೊಂದು ಗಾದಿ ಬೇಕಾಗಿದೆ.