ಗೋಡೆಯ ಮೇಲಿನ ಕಲೆಯನ್ನು ನೋಡುವ ಬಗೆ

ಸಮಕಾಲೀನ ಕಲೆಯ ಮೇಳಗಳಿಗೆ ಹೋಗಬೇಕೆನ್ನುವ ಉತ್ತರ ಕನ್ನಡದವರಿಗೆ ದೂರ ಎಂಬ ನೆಪ ಈಗ ಉಳಿದಿಲ್ಲ. 2016ರಲ್ಲಿ ಆರಂಭವಾದ ಸೆರೆಂಡಿಪಿಟಿ ಕಲಾ ಉತ್ಸವ ಡಿಸೆಂಬರಿನಲ್ಲಿ ಪಣಜಿಯಲ್ಲಿಯೇ ನಡೆಯುವುದರಿಂದ ಕಾರವಾರದಿಂದ ಬೆಳಿಗ್ಗೆ ಹೊರಟವರು ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರಕ್ಕೆ ಮುಗಿದುಹೋಗುತ್ತದೆ. 2012ರ ಡಿಸೆಂಬರ್ 12ರಂದು ಮೊದಲ ಬಾರಿಗೆ ತೆರೆದ ಕೊಚ್ಚಿ-ಮುಜಿರಿಸ್ ಬಿನಾಲೆಯಾದರೋ ತಿಂಗಳುಗಟ್ಟಲೆ ಇರುತ್ತದೆ, ಕೊಂಕಣ ರೈಲಿನಲ್ಲಿ ಒಂದು ರಾತ್ರಿ ನಿದ್ದೆ ಮಾಡಿದರೆ ಎರ್ನಾಕುಲಂ ಬರುತ್ತದೆ. ದೆಹಲಿಯ ಇಂಡಿಯಾ ಆರ್ಟ್ ಫೇರ್ ಮುಖ್ಯವಾಗಿ ಗ್ಯಾಲರಿಗಳ ವ್ಯಾಪಾರದ ಜಾಗವಾದ್ದರಿಂದ ಮೊದಲ ಸಲಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಬಿನಾಲೆ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವಂಥದ್ದು. ಶಿರಸಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ಮಾರಿಕಾಂಬೆಯ ಜಾತ್ರೆಯೂ ಎರಡು ವರ್ಷಕ್ಕೊಮ್ಮೆಯೇ ಆಗುತ್ತದೆ. ಜಾತ್ರೆಯ ಪೇಟೆಯನ್ನು ನಾವು ಹೇಗೆ ಸುತ್ತುತ್ತೇವೆಯೋ ಕಲಾಮೇಳವನ್ನೂ ಹಾಗೆಯೇ ಸುತ್ತುವುದು ಒಳ್ಳೆಯದು: ಮೊದಲು ಎಲ್ಲಿಯೂ ನಿಲ್ಲದೆ ಒಂದು ಸುತ್ತು, ಆಮೇಲೆ ಮನಸ್ಸು ಹಿಂದಕ್ಕೆಳೆದ ನಾಲ್ಕೈದು ಕಡೆಗೆ ಮಾತ್ರ ಮರಳಿ ಹೋಗಿ ನಿಧಾನವಾಗಿ ನೋಡುವುದು. ಮೊದಲ ಸುತ್ತಿನಲ್ಲಿ ಕೃತಿಗಳ ಪಕ್ಕದ ಫಲಕಗಳನ್ನು ಓದಬೇಡಿ. ಅವುಗಳ ಭಾಷೆ ಕೆಲವೊಮ್ಮೆ ಕೋರ್ಟಿನ ಸಮನ್ಸಿಗಿಂತ ಬಿಗಿಯಾಗಿರುತ್ತದೆ, ಓದಿದ ಮೇಲೆ ಕಣ್ಣು ಫಲಕ ಹೇಳಿದ್ದನ್ನಷ್ಟೇ ಹುಡುಕತೊಡಗುತ್ತದೆ. ಚಿತ್ರಸಂತೆಯಲ್ಲಿ ಕಲಾವಿದರು ತಮ್ಮ ಚಿತ್ರಗಳ ಪಕ್ಕದಲ್ಲಿಯೇ ಕುಳಿತಿರುವುದರಿಂದ ಅವರನ್ನೇ ಕೇಳಿ ತಿಳಿಯಬಹುದು. ಬೆಲೆ ಕೇಳುವುದಕ್ಕೆ ಸಂಕೋಚ ಬೇಡ, ಆದರೆ ಅನುಮತಿ ಕೇಳದೆ ಚಿತ್ರದ ಫೋಟೊ ಹೊಡೆಯಬಾರದು. ಕೊಚ್ಚಿಗೆ ಹೋಗುವವರು ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿಯನ್ನೇ ಹಾಕಿಕೊಂಡು ಹೋಗಬೇಕು, ಏಕೆಂದರೆ ಅಲ್ಲಿನ ಪ್ರದರ್ಶನಗಳು ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿಯವರೆಗೆ ಹರಡಿಕೊಂಡಿರುತ್ತವೆ.

ಎರಡನೆಯ ಸುತ್ತಿನಲ್ಲಿ ಕೃತಿಯ ಅರ್ಥಕ್ಕಿಂತ ಮೊದಲು ಅದರ ಸಾಮಗ್ರಿಯನ್ನು ಗಮನಿಸುವುದು ನಾನು ರೂಢಿಸಿಕೊಂಡ ಕ್ರಮ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸಗಣಿ, ಕುಂಕುಮ, ಕೂದಲು, ಡಾಂಬರಿನ ಡ್ರಮ್ಮುಗಳಿಂದ ಕೃತಿಗಳನ್ನು ರಚಿಸಿದವರು. 1998ರ ಒಂದು ಕೃತಿಗಾಗಿ ಅವರು ಸೂಜಿಗಳಿಗೆ ಪೋಣಿಸಿದ ಉದ್ದನೆಯ ದಾರಗಳನ್ನು ಕುಂಕುಮದಲ್ಲಿ ಅದ್ದಿದಂತೆ ಕೆಂಪಾಗಿಸಿ ಹಗ್ಗದ ಹಾಗೆ ಒಟ್ಟುಗೂಡಿಸಿದರು. ಇಂಥ ಕೃತಿಗಳ ಎದುರು ಹತ್ತು ನಿಮಿಷ ನಿಂತು ಬಂದವರಿಗೆ ರಸ್ತೆ ಬದಿಯಲ್ಲಿ ಬಿದ್ದಿರುವ ಡಾಂಬರು ಡ್ರಮ್ಮು ಮೊದಲಿನಂತೆ ಕಾಣುವುದಿಲ್ಲ, ಮತ್ತು ನನ್ನ ಮಟ್ಟಿಗೆ ಮೇಳಕ್ಕೆ ಹೋಗುವುದರ ದೊಡ್ಡ ಲಾಭ ಇದೇ.

ಇಲ್ಲಿಂದ ಮುಂದಿನದು ಆಕಸ್ಮಿಕ ಕಲೆಯ ವಿಷಯ. ಯಾರೂ ಕಲೆಯೆಂದು ಮಾಡದಿದ್ದರೂ ಕಲೆಯಂತೆ ಕಣ್ಣನ್ನು ಹಿಡಿದು ನಿಲ್ಲಿಸುವ ವಸ್ತುವನ್ನು ನಾನು ಹಾಗೆ ಕರೆಯುತ್ತಿದ್ದೇನೆ. ಕನ್ನಡದಲ್ಲಿ ಚಿತ್ರವನ್ನೂ ಕಲೆ ಎನ್ನುತ್ತೇವೆ, ಅಂಗಿಗೆ ಅಂಟಿ ಹೋಗದ ಗುರುತನ್ನೂ ಕಲೆ ಎನ್ನುತ್ತೇವೆ; ಈ ಎರಡರ ನಡುವೆ ಎಲ್ಲಿಯೋ ಇದು ಇರುತ್ತದೆ. ಇದನ್ನು ಮೇಳದೊಳಗೇ ಹುಡುಕಲು ಆರಂಭಿಸಬಹುದು, ಆದರೆ ಅಲ್ಲಿ ಮೋಸಹೋಗುವ ಸಂಭವ ಹೆಚ್ಚು. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಹದಿಹರೆಯದ ಹುಡುಗರು ತಮಾಷೆಗೆ ನೆಲದ ಮೇಲೆ ಕನ್ನಡಕ ಇಟ್ಟಾಗ ಜನರು ಅದರ ಸುತ್ತ ನಿಂತು ಫೋಟೊ ತೆಗೆದರು. ಅದರ ಹಿಂದಿನ ವರ್ಷ ಇಟಲಿಯ ಬೊಲ್ಜಾನೊದಲ್ಲಿ ಖಾಲಿ ಶಾಂಪೇನ್ ಬಾಟಲಿಗಳಿಂದ ರಚಿಸಿದ್ದ ಕೃತಿಯನ್ನು ಸ್ವಚ್ಛತಾ ಸಿಬ್ಬಂದಿ ಕಸವೆಂದು ತಿಳಿದು ಚೀಲಕ್ಕೆ ತುಂಬಿದ್ದರು. ಹಾಗಾಗಿ ಯಾವುದನ್ನಾದರೂ ಮುಟ್ಟುವ ಮೊದಲು ಪಕ್ಕದಲ್ಲಿ ಫಲಕವಿದೆಯೇ, ಮೇಲಿನಿಂದ ಅದಕ್ಕೆಂದೇ ದೀಪ ಬಿಟ್ಟಿದ್ದಾರೆಯೇ ಎಂದು ನೋಡಿಕೊಳ್ಳಬೇಕು, ಅನುಮಾನ ಉಳಿದರೆ ಸ್ವಯಂಸೇವಕರನ್ನು ಕೇಳಬೇಕು.

ನಾನು ಕೇಳಿದ್ದೇನೆ. ಮಟ್ಟಾಂಚೇರಿಯ ಹಳೆಯ ಗೋದಾಮೊಂದರಲ್ಲಿ, ಒಳಗಿನ ದೊಡ್ಡ ಕೃತಿಯತ್ತ ಎಲ್ಲರೂ ಸಾಗುತ್ತಿದ್ದಾಗ, ಬಾಗಿಲ ಸಂದಿನ ಸುಣ್ಣದ ಗೋಡೆಯಲ್ಲಿ ಸೀಸದಕಡ್ಡಿಯಿಂದ ಎಳೆದ ಸಾಲು ಸಾಲು ಗೀಟುಗಳು ಕಂಡವು. ನಾಲ್ಕು ನಿಂತ ಗೀಟು, ಅವನ್ನು ಕತ್ತರಿಸುವ ಒಂದು ಓರೆ ಗೀಟು, ಹೀಗೆ ಮೊಣಕೈ ಎತ್ತರದಿಂದ ಮೊದಲಾಗಿ ನೆಲದವರೆಗೆ ಇಳಿದಿದ್ದವು; ಕೆಳಕ್ಕೆ ಬಂದಂತೆ ಬರೆದವನ ಕೈ ಸೋತಿದ್ದು ಗೀಟುಗಳು ಬಾಗಿದ್ದರಿಂದ ತಿಳಿಯುತ್ತಿತ್ತು. ಸ್ವಯಂಸೇವಕಿ ಕೈಪಿಡಿಯನ್ನು ತಿರುವಿ ಹಾಕಿದರು, ಯಾರಿಗೋ ಫೋನ್ ಮಾಡಿದರು, ಕೊನೆಗೆ ಅದು ಪ್ರದರ್ಶನದ್ದಲ್ಲ, ಎಂದಿನದೋ ಮೂಟೆಗಳ ಲೆಕ್ಕವಿರಬೇಕು ಎಂದರು. ನನಗೆ ನಮ್ಮ ಮನೆಯ ಅಟ್ಟದ ಮೆಟ್ಟಿಲ ಪಕ್ಕದ ಗೋಡೆ ನೆನಪಾಯಿತು. ಕೊನೆಕೊಯ್ಲಿನ ದಿನಗಳಲ್ಲಿ ಅಡಿಕೆ ಕೊನೆಗಳ ಲೆಕ್ಕವನ್ನು ಇದ್ದಿಲಿನಿಂದ ಬರೆಯುತ್ತಿದ್ದುದು ಅಲ್ಲಿಯೇ, ಇದೇ ಬಗೆಯ ಗೀಟುಗಳಲ್ಲಿ. ಊರಿಗೆ ಮರಳಿದ ಕೂಡಲೇ ಫೋಟೊ ತೆಗೆಯಬೇಕೆಂದುಕೊಂಡು ಹೋದರೆ ಗೋಡೆ ಹಾಲಿನಂತೆ ಬೆಳ್ಳಗಿತ್ತು. "ಗೋಡೆ ಕೊಳಕಾಗೋಗಿತ್ತು, ಬಣ್ಣ ಹೊಡ್ಸಿದಿ" ಎಂದು ಆಯಿ ಸಮಾಧಾನದಿಂದಲೇ ಹೇಳಿದಳು. ಕಂಡ ದಿನವೇ ಚಿತ್ರ ತೆಗೆದುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದರಿಂದಾಗಿಯೇ.

ಜಪಾನಿನ ಕಲಾವಿದ ಅಕಾಸೆಗಾವಾ ಗೆನ್‌ಪೇ 1972ರಲ್ಲಿ ಟೋಕಿಯೊದಲ್ಲಿ ಒಂದು ಮೆಟ್ಟಿಲನ್ನು ಕಂಡರು. ಹತ್ತಿದರೆ ಮೇಲೆ ಬಾಗಿಲಿರಲಿಲ್ಲ, ಆದರೂ ಅದರ ಕೈಹಿಡಿಯನ್ನು ಯಾರೋ ದುರಸ್ತಿ ಮಾಡಿಟ್ಟಿದ್ದರು. ಹೀಗೆ ಉಪಯೋಗ ತೀರಿದರೂ ಜೋಪಾನವಾಗಿ ಉಳಿಸಿಕೊಂಡ ಕಟ್ಟಡದ ತುಣುಕುಗಳಿಗೆ ಅವರು ಮುಂದೆ "ಥಾಮಸನ್" ಎಂದು ಹೆಸರಿಟ್ಟರು. ಅದು ದೊಡ್ಡ ಸಂಬಳಕ್ಕೆ ಜಪಾನಿಗೆ ಬಂದು ಚೆಂಡಿಗೆ ಬ್ಯಾಟು ತಗುಲಿಸಲು ಪರದಾಡಿದ ಅಮೆರಿಕದ ಬೇಸ್‌ಬಾಲ್ ಆಟಗಾರನ ಹೆಸರು. ಈ ಕಣ್ಣಿಟ್ಟುಕೊಂಡು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಕಾರವಾರದಿಂದ ಹೊನ್ನಾವರದ ಕಡೆಗೆ, ಬಸ್ಸಿನ ಕಿಟಕಿಯ ಪಕ್ಕ ಕುಳಿತು ನೋಡುತ್ತ ಹೋಗಿ. ರಸ್ತೆ ಅಗಲವಾದಾಗ ಅರ್ಧಕ್ಕೆ ಕತ್ತರಿಸಿದ ಮನೆಗಳ ಒಳಗೋಡೆ ಹೊರಗೋಡೆಯಾಗಿರುತ್ತದೆ. ಮಲಗುವ ಕೋಣೆಯ ಗುಲಾಬಿ ಬಣ್ಣ, ಕ್ಯಾಲೆಂಡರ್ ತೂಗಿದ್ದ ಜಾಗದ ಮಾಸದ ಚೌಕ, ದೀಪದ ಮಸಿ ಇನ್ನೂ ಹಿಡಿದುಕೊಂಡಿರುವ ದೇವರ ಗೂಡು ಲಾರಿಗಳತ್ತ ಮುಖಮಾಡಿ ನಿಂತಿರುತ್ತವೆ. ಆದರೆ ಟೋಕಿಯೊದ ಮೆಟ್ಟಿಲಿನಂತೆ ಇದು ನಗುವ ವಿಷಯವಲ್ಲ. ಇಲ್ಲಿ ಇಳಿದು ಚಿತ್ರ ತೆಗೆಯುವುದಾದರೆ ಉಳಿದರ್ಧದಲ್ಲಿ ವಾಸವಾಗಿರುವವರನ್ನು ಮಾತನಾಡಿಸಿ, ಅವರು ಒಪ್ಪಿದರೆ ಮಾತ್ರ ತೆಗೆಯಬೇಕು.

ಘಟ್ಟದ ಮೇಲಿನವರು ಮಳೆಗಾಲದಲ್ಲಿ ತೋಟದ ಕಡೆ ನೋಡಿದರೆ ಸಾಕು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಕಲಸುವ ಜಾಗದಲ್ಲಿ ಕಲ್ಲು, ಡ್ರಮ್ಮು, ಪೈಪು, ಲುಂಗಿ ಎಲ್ಲದರ ಮೇಲೂ ತಿಳಿ ನೀಲಿ ಹರಡಿರುತ್ತದೆ. ಚಿರೆಕಲ್ಲಿನ ಕೆಂಪು ಮತ್ತು ಹಾವಸೆಯ ಹಸಿರಿನ ನಡುವೆ ಆ ನೀಲಿ ಬಿದ್ದಾಗ ಮೂರೂ ಬಣ್ಣಗಳು ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಮೋಡ ಕವಿದ ಬೆಳಕಿನಲ್ಲಿಯೇ ಇದನ್ನು ನೋಡಬೇಕು, ಬಿಸಿಲಿಗೆ ನೀಲಿ ಬಿಳಿಚಿಕೊಳ್ಳುತ್ತದೆ.

ಕರಾವಳಿಯವರಿಗೆ ಜೂನ್ ತಿಂಗಳಿನ ಬಂದರುಗಳು ಇದಕ್ಕೆ ಸಮನಾದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರದ ಬೈತಖೋಲದಂಥ ಕಡೆಗಳಲ್ಲಿ ಬೋಟುಗಳ ರಿಪೇರಿ ನಡೆಯುತ್ತದೆ. ಹೊಸ ಬಣ್ಣಕ್ಕೆ ಮೊದಲು ಹಳೆಯದನ್ನು ಕೆರೆಯುವಾಗ ನೀಲಿಯಡಿಯ ಹಸಿರು, ಹಸಿರಿನಡಿಯ ಕೆಂಪು, ಹಿಂದಿನ ಹೆಸರಿನ ಅರ್ಧ ಅಕ್ಷರ, ತಳಕ್ಕೆ ಅಂಟಿದ್ದ ಚಿಪ್ಪುಗಳನ್ನು ಕಿತ್ತಲ್ಲಿ ಉಳಿದ ಬಿಳಿಯ ಉಂಗುರಗಳು ಒಟ್ಟಿಗೆ ಮೇಲೆ ಬರುತ್ತವೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿರುವ ಕಾವಿ ಕಲೆಯೂ ಕೆರೆಯುವುದರಿಂದಲೇ ಹುಟ್ಟಿದ್ದು. ಸುಣ್ಣದ ಗಾರೆಯ ಮೇಲೆ ಬಳಿದ ಕೆಮ್ಮಣ್ಣನ್ನು ಮೊನೆಯಿಂದ ಕೆರೆದು ಅಡಿಯ ಬಿಳುಪನ್ನು ಹೊರತೆಗೆಯುವ ಕೆಲಸ ಅದು. ಅಲ್ಲಿ ಕೆರೆದವರಿಗೆ ಹೂಬಳ್ಳಿ ಬೇಕಾಗಿತ್ತು, ಇಲ್ಲಿ ಕೆರೆಯುವವರಿಗೆ ಬೋಟು ಸೋರದಿದ್ದರಾಯಿತು. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಉದ್ದೇಶವೆಂಬುದು ಗೆರೆಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದು ಯಾವ ಫಲಕದ ಸಹಾಯವೂ ಇಲ್ಲದೆ ತಿಳಿಯುತ್ತದೆ.

ಚಿತ್ರ ತೆಗೆಯುವಾಗ ಯಾವುದನ್ನೂ ಸರಿಸಬೇಡಿ, ಚೆಂದ ಕಾಣಲೆಂದು ಪಕ್ಕದ ಬಕೆಟ್ಟನ್ನು ಎತ್ತಿಡಬೇಡಿ. ಕೈ ಹಾಕಿದೊಡನೆ ಅದು ನಿಮ್ಮ ಕೃತಿಯಾಗುತ್ತದೆ, ಆಕಸ್ಮಿಕವಾಗಿ ಉಳಿಯುವುದಿಲ್ಲ. ಒಂದನ್ನು ಹತ್ತಿರದಿಂದ, ಒಂದನ್ನು ಅದರ ಜಾಗ ತಿಳಿಯುವಷ್ಟು ದೂರದಿಂದ ತೆಗೆಯಿರಿ, ದಿನಾಂಕ ಮತ್ತು ಊರನ್ನು ಬರೆದಿಡಿ, ಕಾವ್ಯಮಯ ಶೀರ್ಷಿಕೆ ಕೊಡುವ ಆಸೆಯನ್ನು ತಡೆದುಕೊಳ್ಳಿ. ಕೆಲಸ ಮಾಡುತ್ತಿರುವವರಿಗೆ ಏನು ತೆಗೆಯುತ್ತಿದ್ದೀರಿ ಎಂಬುದನ್ನು ತೋರಿಸಿ. ಬೈತಖೋಲದಲ್ಲಿ ನಾನು ಕೆರೆದ ಹಲಗೆಯೊಂದಕ್ಕೆ ಫೋನು ಹಿಡಿದು ಬಹಳ ಹೊತ್ತು ನಿಂತಿದ್ದಾಗ ಕೆರೆಯುತ್ತಿದ್ದ ಹಿರಿಯರು, "ಸಾಹೇಬ್ರೆ, ಇದ್ಯಾಕೆ ತೆಗಿತ್ರಿ? ನಾಳೆ ಬನ್ನಿ, ಹೊಸ ಬಣ್ಣ ಹಚ್ಚಿರ್ತೇವೆ" ಎಂದರು. ಪರದೆಯ ಮೇಲಿನ ಚಿತ್ರವನ್ನು ತೋರಿಸಿದಾಗಲೂ ಅವರ ಮುಖದಲ್ಲಿ ಕನಿಕರವೇ ಇತ್ತು. ಮರುದಿನ ಹೋಗಿ, ಹೊಸ ನೀಲಿ ಬಣ್ಣದ ಬೋಟಿನ ಮುಂದೆ ಅವರನ್ನು ನಿಲ್ಲಿಸಿ ಒಂದು ಫೋಟೊ ತೆಗೆದು ಅವರ ಫೋನಿಗೆ ಕಳುಹಿಸಿದೆ. ಹಳೆಯ ಬಣ್ಣದ್ದನ್ನೂ ಕಳುಹಿಸಲೇ ಎಂದು ಕೇಳಿದ್ದಕ್ಕೆ, ಬೇಡ ಎಂದರು.