ಅಂಶ ಒಂದು ಸಂಜೆ, ಛೇದ ಒಂದು ವಾರ

ಹತ್ತು ನಿಮಿಷದ ಧ್ವನಿಮುದ್ರಣವೊಂದರಲ್ಲಿ ಎರಡು ಸೆಕೆಂಡಿನ ವಾದ್ಯದ ತುಣುಕೊಂದು ಎಲ್ಲೆಲ್ಲಿ ಬರುತ್ತದೆಂದು ನಾನು ಹುಡುಕಬೇಕಿತ್ತು. ನನ್ನ ಕಿವಿಗೆ ಅದು ನಾಲ್ಕು ಕಡೆ ಕೇಳಿಸಿತ್ತು. ಕಂಪ್ಯೂಟರಿಗೂ ಆ ನಾಲ್ಕೇ ಕಡೆ ಕೇಳಿಸಬೇಕು, ಅಷ್ಟೇ. ಕಂಪ್ಯೂಟರಿಗೆ ಸದ್ದೆಂದರೆ ಸಂಖ್ಯೆಗಳ ಸಾಲು, ಒಂದೊಂದು ಸಂಖ್ಯೆಯೂ ಒಂದು ಸ್ಯಾಂಪಲ್. ತುಣುಕನ್ನು ಮುದ್ರಣದ ಮೇಲೆ ಒಂದೊಂದೇ ಸ್ಯಾಂಪಲ್ ಜರುಗಿಸುತ್ತ, ಪ್ರತಿ ಸ್ಥಾನದಲ್ಲೂ ಎದುರುಬದುರಾದ ಸಂಖ್ಯೆಗಳನ್ನು ಗುಣಿಸಿ ಕೂಡಿಸುವುದೇ ಕ್ರಾಸ್ ಕೋರಿಲೇಶನ್. ಕಾಗದದ ಮೇಲೆ ಇದಕ್ಕಿಂತ ಸರಳವಾದ ಲೆಕ್ಕವಿಲ್ಲ.

ಸೆಕೆಂಡಿಗೆ 48,000 ಸ್ಯಾಂಪಲ್ ಎಂದರೆ ಮುದ್ರಣಕ್ಕೆ 2,88,00,000, ತುಣುಕಿಗೆ 96,000. ನೇರವಾಗಿ ಮಾಡಿದರೆ ಸುಮಾರು 2.75 ಲಕ್ಷ ಕೋಟಿ ಗುಣಾಕಾರ. ಎರಡನ್ನೂ ಫೂರಿಯರ್ ಪರಿವರ್ತನೆಗೆ ಒಳಪಡಿಸಿ (ಅಂದರೆ ಸದ್ದನ್ನು ಅದರ ಆವರ್ತನಗಳಾಗಿ ಬಿಡಿಸಿ), ಗುಣಿಸಿ, ಮರಳಿ ತಂದರೆ ಕೆಲಸ ಸರಿಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಈ ಪರಿವರ್ತನೆಯನ್ನು ವೇಗವಾಗಿ ಮಾಡುವ ಉಪಾಯವೇ ಎಫ್‌ಎಫ್‌ಟಿ (ಫಾಸ್ಟ್ ಫೂರಿಯರ್ ಟ್ರಾನ್ಸ್‌ಫಾರ್ಮ್). ಈ ವೇಗಕ್ಕೆ ನಾವು ಕೂಲಿ ಮತ್ತು ಟೂಕಿಯವರ 1965ರ ಲೇಖನವನ್ನು ನೆನೆಯುತ್ತೇವೆ. ಗಣಿತಜ್ಞ ಗೌಸ್ ಮಾತ್ರ ಅದೇ ಉಪಾಯವನ್ನು 1805ರ ಸುಮಾರಿಗೇ ಬರೆದಿಟ್ಟು ಸುಮ್ಮನಿದ್ದ.

ಎಫ್‌ಎಫ್‌ಟಿ ಭಾಗ ಒಂದೇ ಸಂಜೆಯಲ್ಲಿ ಮುಗಿಯಿತು. ಪೈಥಾನ್ ಭಾಷೆಯ ಗಣಿತ ಲೈಬ್ರರಿ ನಂಪೈಯ ನಾಲ್ಕು ಸಾಲು ಸಾಕು. ಮರೆಯಬಾರದ ಮಾತೆಂದರೆ, ಗುಣಿಸುವ ಮೊದಲು ತುಣುಕಿನ ಪರಿವರ್ತನೆಯಲ್ಲಿ ಸಿಗುವ ಸಂಕೀರ್ಣ ಸಂಖ್ಯೆಗಳ ಕಾಲ್ಪನಿಕ ಭಾಗದ ಚಿಹ್ನೆಯನ್ನು ತಿರುಗಿಸಬೇಕು. ಬಿಟ್ಟರೆ ಸಿಗುವುದು ಕಾನ್ವಲ್ಯೂಶನ್, ಅಂದರೆ ತುಣುಕನ್ನು ಹಿಂದುಮುಂದಾಗಿಸಿ ಹುಡುಕಿದಂತೆ. ಇನ್ನೊಂದು ಕಡೆ ನಾನು ಎಡವಿದೆ. ಫಲಿತಾಂಶದ ಬಾಲದಲ್ಲಿ ಅರ್ಥವಿಲ್ಲದ ಶಿಖರವೊಂದು ಎದ್ದಿತ್ತು. ಎಫ್‌ಎಫ್‌ಟಿಯ ಕಣ್ಣಿಗೆ ಸಿಗ್ನಲ್ ಒಂದು ಬಳೆ, ಕೊನೆ ಮುಗಿದಲ್ಲೇ ಆರಂಭ ಅಂಟಿಕೊಂಡಿರುತ್ತದೆ. ತುಣುಕು ಅರ್ಧ ಕೊನೆಯಲ್ಲಿ, ಅರ್ಧ ಆರಂಭದಲ್ಲಿ ಕುಳಿತು ಹೊಂದಾಣಿಕೆ ಹುಡುಕಿತ್ತು. ಇದಕ್ಕೆ ಎರಡೂ ಉದ್ದಗಳ ಮೊತ್ತದವರೆಗೆ ಸೊನ್ನೆ ತುಂಬಿ ಎನ್ನುವುದು ವಾಡಿಕೆಯ ಸಲಹೆ. ಆದರೆ ತುಣುಕು ಪೂರ್ತಿಯಾಗಿ ಒಳಗೆ ಕೂರುವ ಸ್ಥಾನಗಳಷ್ಟೇ ಬೇಕಿದ್ದರೆ ಮುದ್ರಣದ ಉದ್ದವೇ ಸಾಕು, ಕೊನೆಯ 95,999 ಸ್ಥಾನಗಳನ್ನು ಎಸೆದರಾಯಿತು. ನಾನು ಹಾಗೆಯೇ ಮಾಡಿದೆ. ವೇಗಕ್ಕಾಗಿ ಮಾತ್ರ ಉದ್ದವನ್ನು ಎರಡರ 25ನೇ ಘಾತಕ್ಕೆ, ಅಂದರೆ 3,35,54,432ಕ್ಕೆ, ಏರಿಸಿದೆ.

ಇಷ್ಟಾದ ಮೇಲೂ ಅತಿ ಎತ್ತರದ ಶಿಖರ ಬಿದ್ದದ್ದು ಚಪ್ಪಾಳೆಯ ಮೇಲೆ. ಜೋರಾಗಿರುವ ಯಾವುದರ ಜೊತೆ ಗುಣಿಸಿದರೂ ಮೊತ್ತ ದೊಡ್ಡದಾಗಿ ಬರಬಹುದು, ಹೋಲಿಕೆ ಇರಲಿ ಬಿಡಲಿ. ಆದ್ದರಿಂದ ಪ್ರತಿ ಸ್ಥಾನದ ಮೊತ್ತವನ್ನೂ ಅಲ್ಲಿನ ಸದ್ದಿನ ಬಲದಿಂದ ಭಾಗಿಸಬೇಕು. ತುಣುಕಿನ ಅಡಿಗೆ ಬಂದ ಭಾಗದಿಂದ ಅದರದೇ ಸರಾಸರಿ ಕಳೆದು, ಉಳಿದದ್ದರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು. ತುಣುಕಿಗೂ ಹಾಗೆಯೇ. ಇವೆರಡರ ಗುಣಲಬ್ಧವೇ ಛೇದ, ಮೊದಲಿನ ಮೊತ್ತವೇ ಅಂಶ. ಆಗ ಉತ್ತರ −1ರಿಂದ 1ರೊಳಗೇ ಇರಬೇಕು.

ಮುದ್ರಣದ ಸ್ಥಳೀಯ ಸರಾಸರಿ ಪ್ರತಿ ಸ್ಥಾನದಲ್ಲೂ ಬದಲಾಗುತ್ತದೆ, ಅದನ್ನು ಎಫ್‌ಎಫ್‌ಟಿಯೊಳಗೆ ತೂರಿಸುವುದು ಹೇಗೆ ಎಂದು ಒಂದು ದಿನವಿಡೀ ತಲೆ ಕೆಡಿಸಿಕೊಂಡೆ. ತೂರಿಸಬೇಕಾಗಿಯೇ ಇರಲಿಲ್ಲ! ತುಣುಕಿನಿಂದ ಅದರ ಸರಾಸರಿ ಕಳೆದರೆ ತುಣುಕಿನ ಒಟ್ಟು ಮೊತ್ತ ಸೊನ್ನೆ. ಸೊನ್ನೆ ಮೊತ್ತದ ತುಣುಕಿಗೆ ಎದುರಿನ ಸ್ಥಿರಾಂಕ ಎಷ್ಟೇ ಇದ್ದರೂ ಅಂಶದಲ್ಲಿ ಅದು ತಾನಾಗಿಯೇ ಅಳಿಸಿಹೋಗುತ್ತದೆ.

ಛೇದಕ್ಕೆ ಎಫ್‌ಎಫ್‌ಟಿ ಬೇಡ. ಮುದ್ರಣದ ಸಂಚಿತ ಮೊತ್ತ (ಆರಂಭದಿಂದ ಆಯಾ ಸ್ಥಾನದವರೆಗಿನ ಕೂಡಿಕೆ) ಒಂದು, ವರ್ಗಗಳ ಸಂಚಿತ ಮೊತ್ತ ಇನ್ನೊಂದು. 96,000 ಅಂತರದ ಎರಡು ಬೆಲೆಗಳನ್ನು ಕಳೆದರೆ ಕಿಟಕಿಯ, ಅಂದರೆ ತುಣುಕಿನ ಅಡಿಗೆ ಬಂದ ಭಾಗದ, ಮೊತ್ತ ಕೈಗೆ ಬರುತ್ತದೆ. ನಾನು ಜಾಣತನ ತೋರಿ, ಮೆಮೊರಿ ಉಳಿಸಲು 32 ಬಿಟ್‌ನ ದಶಮಾಂಶ ಸಂಖ್ಯೆಗಳನ್ನು ಬಳಸಿದ್ದೆ. ಅವುಗಳ ನಿಖರತೆ ಏಳು ಅಂಕಿಯ ಆಸುಪಾಸು ಮಾತ್ರ. ಸಂಚಿತ ಮೊತ್ತ ಬೆಟ್ಟದಷ್ಟಾದ ಮೇಲೆ ಎರಡು ಬೆಟ್ಟಗಳ ವ್ಯತ್ಯಾಸದಲ್ಲಿ ಇರುವೆಯನ್ನು ಹುಡುಕಿದಂತಾಯಿತು. ವರ್ಗಮೂಲದೊಳಗೆ ಋಣ ಸಂಖ್ಯೆಗಳು ಬಂದು ಫಲಿತಾಂಶದ ಅರ್ಧ ಭಾಗ ನ್ಯಾನ್ (ಸಂಖ್ಯೆಯೇ ಅಲ್ಲ ಎಂಬ ಗುರುತು) ಆಗಿ ಕುಳಿತಿತ್ತು. 64 ಬಿಟ್‌ಗೆ ಹೋಗಿ, ಮೊದಲೇ ಇಡೀ ಮುದ್ರಣದ ಸರಾಸರಿ ಕಳೆದು, ಆಗಲೂ ಉಳಿದ ಸಣ್ಣಪುಟ್ಟ ಋಣ ಬೆಲೆಗಳನ್ನು ಸೊನ್ನೆ ಮಾಡಿದೆ.

ಆಮೇಲೆ 1ಕ್ಕಿಂತ ದೊಡ್ಡ ಉತ್ತರಗಳು ಕಂಡವು, ಅದೂ ಮೌನವಿದ್ದ ಜಾಗಗಳಲ್ಲಿ! ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ಎಫ್‌ಎಫ್‌ಟಿಯ ದುಂಡಾಂಕದ ದೋಷ (ಅಂಕಿಗಳನ್ನು ಮೊಟಕು ಮಾಡುವಾಗ ಆಗುವ ಸಣ್ಣ ತಪ್ಪು) ಎಲ್ಲ ಸ್ಥಾನಗಳಿಗೂ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ, ಅದರ ಗಾತ್ರ ನಿರ್ಧಾರವಾಗುವುದು ಇಡೀ ಸಿಗ್ನಲ್ಲಿನ ಬಲದಿಂದ. ಎಲ್ಲೋ ಮೊಳಗಿದ ಚಪ್ಪಾಳೆಯ ದೋಷ ಮೌನದ ಅಂಶದಲ್ಲೂ ಕುಳಿತಿರುತ್ತದೆ, ಅದನ್ನು ಸೊನ್ನೆಗೆ ಹತ್ತಿರದ ಛೇದದಿಂದ ಭಾಗಿಸಿದರೆ ಉಬ್ಬದೆ ಇನ್ನೇನಾಗುತ್ತದೆ? ಕಿಟಕಿಯ ಬಲ ಗರಿಷ್ಠ ಬಲದ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೆ ಉತ್ತರ ಸೊನ್ನೆ ಎಂದು ನಿಯಮ ಹಾಕಿದೆ. ಈ ಮಿತಿಗೆ ಸೂತ್ರವಿಲ್ಲ, ಮುದ್ರಣದ ಗದ್ದಲ ನೋಡಿ ಆರಿಸಿಕೊಂಡದ್ದು.

ಪರೀಕ್ಷೆಯನ್ನು ಮೊದಲೇ ಬರೆಯಬೇಕಿತ್ತು, ಬರೆದದ್ದು ಕೊನೆಗೆ. 50 ಯಾದೃಚ್ಛಿಕ ಸಂಖ್ಯೆಗಳ ನಡುವೆ 7 ಸಂಖ್ಯೆಗಳ ತುಣುಕನ್ನು ಮೂರರಿಂದ ಗುಣಿಸಿ, 5 ಕೂಡಿಸಿ ಅಡಗಿಸಿಟ್ಟೆ. ಸಾಮಾನ್ಯೀಕರಣ, ಅಂದರೆ ಛೇದದಿಂದ ಭಾಗಿಸುವ ಕೆಲಸ, ಸರಿಯಿದ್ದರೆ ಆ ಸ್ಥಾನದಲ್ಲಿ 1 ಬರಲೇಬೇಕು. ಬಂತು. ಎಲ್ಲವನ್ನೂ ನೇರವಾಗಿ ಗುಣಿಸಿ ಕೂಡಿಸುವ ಎರಡು ಲೂಪುಗಳ ಪೆದ್ದು ಲೆಕ್ಕದ ಜೊತೆಗೂ ಹೋಲಿಸಿದೆ, ಎಲ್ಲ ಸ್ಥಾನಗಳಲ್ಲೂ ತಾಳೆಯಾಯಿತು.

ನಿಜವಾದ ಮುದ್ರಣದಲ್ಲಿ ಮೂರು ಶಿಖರಗಳು ಚೂಪಾಗಿ ನಿಂತವು. ನಾಲ್ಕನೆಯ ಕಡೆ ವಾದ್ಯದ ಮೇಲೆ ಯಾರೋ ಮಾತನಾಡುತ್ತಿದ್ದಾರೆ. ಅಲ್ಲಿಯ ಬೆಲೆ 0.4ರ ಆಸುಪಾಸಿನಲ್ಲಿದೆ, ಸುತ್ತಲಿನ ಗದ್ದಲಕ್ಕಿಂತ ಸ್ಪಷ್ಟವಾಗಿ ಮೇಲೆ, ನಾನಿಟ್ಟ 0.5ರ ಗೆರೆಗಿಂತ ಕೆಳಗೆ. ಗೆರೆಯನ್ನು 0.35ಕ್ಕೆ ಇಳಿಸಿದೆ, ನಾಲ್ಕೂ ಸಿಕ್ಕವು.