ಕೆಂಪು ಅರಿವೆ ಸುತ್ತಿದ ಕುಡುಗೋಲು

ರಾಯಚೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕನಾಗಿ ನಾನು ನಡೆಸಿದ ಕೊಲೆ ಪ್ರಕರಣಗಳಲ್ಲಿ ಇದೊಂದನ್ನು ಮರೆಯಲಾಗಿಲ್ಲ. ತಾಯಿಯನ್ನು ತಂದೆಯೇ ಕೊಂದಿದ್ದ. ಕಂಡವಳು ಏಳು ವರ್ಷದ ಮಗಳೊಬ್ಬಳೇ, ಜೋಳದ ಚೀಲಗಳ ಹಿಂದೆ ಕುಳಿತು.

ಸಾಕ್ಷ್ಯದ ಹಿಂದಿನ ದಿನ ಅಜ್ಜಿಯೊಂದಿಗೆ ಅವಳನ್ನು ಕರೆಸಿ ಖಾಲಿ ಕೋರ್ಟ್ ಹಾಲನ್ನು ತೋರಿಸಿದೆ: ನ್ಯಾಯಾಧೀಶರು ಎಲ್ಲಿ ಕೂರುತ್ತಾರೆ, ನೀನು ಎಲ್ಲಿ ನಿಲ್ಲುತ್ತೀಯ. ಘಟನೆಯ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಹೇಳಿಕೆಯನ್ನು ಓದಿಸಿ ಗಟ್ಟಿ ಮಾಡಿಸಿ ಎಂದು ಠಾಣೆಯವರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಗಟ್ಟಿ ಮಾಡಿಸಿದ ಮಗು ಪಾಟಿ ಸವಾಲಿನಲ್ಲಿ ಮೊದಲ ತಿರುವಿಗೇ ಒಡೆದುಹೋಗುತ್ತದೆ.

ಆಗ 1872ರ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿತ್ತು. ಅದರ ಕಲಂ 118ರಂತೆ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 124ರಂತೆಯೇ, ಪ್ರಶ್ನೆ ತಿಳಿದು ಸರಿಯಾಗಿ ಉತ್ತರಿಸಬಲ್ಲ ಮಗು ಸಾಕ್ಷಿಯಾಗಬಹುದು. ನ್ಯಾಯಾಧೀಶರು ಶಾಲೆ, ಟೀಚರು, ಸುಳ್ಳು ಹೇಳಿದರೆ ಏನಾಗುತ್ತದೆ ಎಂದೆಲ್ಲ ಕೇಳಿ, ಪ್ರಶ್ನೋತ್ತರವನ್ನು ಹಾಗೆಯೇ ಬರೆಸಿ ತಮ್ಮ ಸಮಾಧಾನವನ್ನು ದಾಖಲಿಸಿದರು. ಹನ್ನೆರಡು ತುಂಬದ ಕಾರಣ ಪ್ರಮಾಣ ಮಾಡಿಸಲಿಲ್ಲ.

ಕುಡುಗೋಲಿನ ಹಿಡಿಗೆ "ಕೆಂಪು ಅರಿವೆ" ಸುತ್ತಿತ್ತು ಎಂದಳು. ಶೀಘ್ರಲಿಪಿಕಾರರು "ಬಟ್ಟೆ" ಎಂದು ಬರೆಯಹೊರಟಾಗ ನಾನು ಎದ್ದುನಿಂತು ಅವಳ ಪದವೇ ಇರಲಿ ಎಂದು ಕೋರಿದೆ. ಘಟನೆಯಾದ ಮೂರನೇ ದಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅವಳು ಅದೇ ಪದ ಬಳಸಿದ್ದಳು. ತಲೆಮರೆಸಿಕೊಂಡಿದ್ದ ಆರೋಪಿ ಸಿಕ್ಕಿದ್ದು ಐದನೇ ದಿನ. ಅವನು ತೋರಿಸಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ಪೊದೆಯಲ್ಲಿ ಕುಡುಗೋಲು ದೊರೆಯಿತು. ಹಿಡಿಗೆ ಕೆಂಪು ಅರಿವೆ ಇತ್ತು. ಅದನ್ನು ವಶಪಡಿಸಿಕೊಂಡಾಗ ಸಾಕ್ಷಿಗಳಾಗಿ ನಿಂತಿದ್ದ ಪಂಚರಿಬ್ಬರೂ ಕೋರ್ಟಿನಲ್ಲಿ ತಿರುಗಿಬಿದ್ದರು. ಆದರೂ ತನಿಖಾಧಿಕಾರಿಯ ಸಾಕ್ಷ್ಯವನ್ನು ಆ ತುಂಡು ಅರಿವೆ ಹಿಡಿದು ನಿಲ್ಲಿಸಿತು.

ಒಂದು ಕಡೆ ಮಾತು ಕೂಡಲಿಲ್ಲ. ಅಪ್ಪ ಎರಡು ಸಲ ಹೊಡೆದ ಎಂದಳು. ಮರಣೋತ್ತರ ವರದಿಯಲ್ಲಿ ಮೂರು ಗಾಯಗಳಿದ್ದವು. ನಾನೇ ಪ್ರಶ್ನೆ ಕೇಳುವ ಮುಖ್ಯ ವಿಚಾರಣೆಯಲ್ಲಿ ಅದನ್ನು ಸರಿಪಡಿಸಲು ನಾನು ಹೋಗಲಿಲ್ಲ, ರಾತ್ರಿಯಿಡೀ ಅದೇ ಚಿಂತೆ ಕಾಡಿದ್ದರೂ. ಪ್ರತಿವಾದಿ ವಕೀಲರು ಅದನ್ನೇ ಹಿಡಿದು ಕೇಳಿದಾಗ ಅವಳೆಂದಳು: "ಆಮೇಲೆ ಕಣ್ಣು ಮುಚ್ಚಿಕೊಂಡೆ." ಅಜ್ಜಿ ಹೇಳಿಕೊಟ್ಟಿದ್ದಾಳೆ ಎಂಬ ಆರೋಪಕ್ಕೆ ವಾದದಲ್ಲಿ ನಾನು ಕೊಟ್ಟ ಉತ್ತರ ಇಷ್ಟೇ: ಹೇಳಿಕೊಟ್ಟಿದ್ದರೆ ಮೂರು ಎನ್ನುತ್ತಿದ್ದಳು. ಲೋಕೋಪಯೋಗಿ ಎಂಜಿನಿಯರರು ಬರೆದ ಘಟನಾ ಸ್ಥಳದ ನಕ್ಷೆಯಲ್ಲಿ ಅವಳು ಹಿಂದೆ ಕುಳಿತಿದ್ದ ಚೀಲಗಳಿರಲಿಲ್ಲ. ಸ್ಥಳ ಮಹಜರಿನ ಛಾಯಾಚಿತ್ರದಲ್ಲಿ ಮೂಲೆಯಲ್ಲಿ ನಾಲ್ಕು ಕಾಣುತ್ತಿದ್ದವು. ಅದನ್ನು ಹುಡುಕಿ ತೋರಿಸಿದ್ದು ನನ್ನ ಕಿರಿಯ ಸಹೋದ್ಯೋಗಿ.

ವಾದದಲ್ಲಿ ಸೂರ್ಯನಾರಾಯಣ ಪ್ರಕರಣದ ತೀರ್ಪನ್ನೂ ಓದಿದೆ. ಅದು ನಮ್ಮ ಕರ್ನಾಟಕದ್ದೇ. ಸುಮಾರು ನಾಲ್ಕು ವರ್ಷದ ಮಗುವಿನ ಮಾತನ್ನು ನಂಬಿ ಕೊಟ್ಟ ಶಿಕ್ಷೆಯನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಮಗುವಿನ ಮಾತಿಗೆ ಬೇರೆ ಸಾಕ್ಷ್ಯದ ಪುಷ್ಟಿ ಬೇಕೇಬೇಕೆಂಬ ಕಟ್ಟುಪಾಡಿಲ್ಲ, ಅದು ವಿವೇಕದ ಎಚ್ಚರ ಮಾತ್ರ. ಆದರೆ ಪುಷ್ಟಿ ಹುಡುಕದೆ ಬರಿಗೈಯಲ್ಲಿ ವಾದಕ್ಕೆ ನಿಲ್ಲುವ ಅಭಿಯೋಜಕ ಇಡೀ ಭಾರವನ್ನು ಮಗುವಿನ ತಲೆಗೆ ಹೊರಿಸುತ್ತಾನೆ. ಅದು ನನಗೆ ಸಹಿಸದು.

ಜೀವಾವಧಿ ಶಿಕ್ಷೆಯಾಯಿತು. ತೀರ್ಪಿನ ದಿನ ಅವಳನ್ನು ಕರೆತರಬೇಡಿ ಎಂದು ಅಜ್ಜಿಗೆ ನಾನೇ ಹಿಂದಿನ ಸಂಜೆ ಫೋನ್ ಮಾಡಿದ್ದೆ. ಅಂದು ಶಾಲೆಗೆ ಹೋಗಿದ್ದಳಂತೆ.